ಒಂದು ತೋಳಿನ ಸ್ವೆಟರು

ಪ್ರಪಂಚವೆನ್ನುವುದೇ ಇಲ್ಲ ಎಂಬ ಸಂಗತಿ ನಮ್ಮ ಮನೆಯವರಿಗೆ ತಿಳಿದುಬಂದದ್ದು ಒಂದು ಮಂಗಳವಾರ, ಊಟಕ್ಕೆ ಸ್ವಲ್ಪ ಮುಂಚೆ. ಬೇರೆಯವರಾಗಿದ್ದರೆ ಇಂಥ ಸುದ್ದಿಗೆ ಹಸಿವೇ ಹೋಗುತ್ತಿತ್ತು. ಇವರು ಎರಡು ಸಲ ಬಡಿಸಿಕೊಂಡು ಉಂಡು, ಕೈ ಒರೆಸಿಕೊಳ್ಳುತ್ತಾ ಹೇಳಿದರು, "ಕೇಳಿದ್ಯೇನೇ? ಈ ತಟ್ಟೆ ಇಲ್ಲ. ಈ ಲೋಟ ಇಲ್ಲ. ಎಲ್ಲಾ ಬರೀ ಮನಸ್ಸು."

"ಹಾಗಾದ್ರೆ ಆ ಇಲ್ಲದ ತಟ್ಟೇನ ತೊಳೆದಿಟ್ಟು ಹೋಗಿ," ಎಂದೆ.

ತೊಳೆಯಲಿಲ್ಲ. ತತ್ವಜ್ಞಾನ ಗಂಡಸರಿಗೆ ಇಷ್ಟು ಬೇಗ ಯಾಕೆ ಹಿಡಿಸುತ್ತದೆ ಎಂಬುದು ನನಗೆ ಅವತ್ತೇ ಅರ್ಥವಾಯಿತು.

ನಮ್ಮವರು ಬಸ್ ಡಿಪೋದಲ್ಲಿ ಬಿಟ್ಟುಹೋದ ಸಾಮಾನಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದರು. ಜನ ಬಸ್ಸಿನಲ್ಲಿ ಮರೆತು ಇಳಿದ ಕೊಡೆ, ಚೀಲ, ಟೋಪಿ, ಒಂಟಿ ಚಪ್ಪಲಿ ಎಲ್ಲವನ್ನೂ ಕಂಡಕ್ಟರುಗಳು ಸಂಜೆ ತಂದು ಅಲ್ಲಿ ಸುರಿಯುತ್ತಿದ್ದರು. ಒಂದು ಸಲ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೂ ಬಂದಿತ್ತು. ಚಪ್ಪಲಿ ಮರೆತರೆ ಕಾಲು ಸುಡುತ್ತದೆ, ಗೊತ್ತಾಗುತ್ತದೆ. ಹಲ್ಲನ್ನು ಬಾಯಿಂದ ತೆಗೆದು ಸೀಟಿನ ಮೇಲಿಟ್ಟು ಇಳಿದುಹೋಗುವವರಿಗೆ ಏನು ಹೇಳೋಣ?

ಆ ಕೋಣೆಗೆ ಒಂದು ಕ್ರಮವಿತ್ತು. ಅಡ್ಡಲಾಗಿ ಎದೆಯೆತ್ತರದ ಮರದ ಕೌಂಟರು, ಅದರ ಹಿಂದೆ ಹಸಿರು ಪರದೆ, ಪರದೆಯ ಹಿಂದೆ ಕಪಾಟುಗಳು. ಸಾಮಾನು ಕೇಳಿಕೊಂಡು ಬಂದವರು ಈಚೆ ನಿಂತು ಮೂರು ಗುರುತು ಹೇಳಬೇಕು. ಒಂದು ಬಣ್ಣ, ಒಂದು ಆಕಾರ, ಮೂರನೆಯದು ಒಡೆಯನಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರದಂಥದ್ದು. ಮೂರೂ ಕೂಡಿದರೆ ಸಾಮಾನು ಪರದೆಯಾಚೆಯಿಂದ ಹೊರಬರುತ್ತದೆ. ಕೂಡದಿದ್ದರೆ "ಇಲ್ಲ, ಮುಂದಿನೋರು". ಇವರು ದಿನವಿಡೀ "ಗುರುತು ಹೇಳಿ, ಗುರುತು ಹೇಳಿ" ಎನ್ನುತ್ತಿದ್ದರಿಂದ ಡಿಪೋದವರೆಲ್ಲ ಇವರನ್ನು ಗುರುತಪ್ಪ ಎಂದೇ ಕರೆಯುತ್ತಿದ್ದರು. ಹಾಗೆ ನೋಡಿದರೆ ನಾನು ಗುರುತಮ್ಮ. ಡಿಪೋದ ಗೋಡೆಗೆ ಒತ್ತಿಕೊಂಡು ನಮ್ಮ ಕ್ವಾರ್ಟರ್ಸು. ಎರಡು ಕೋಣೆ, ಒಂದು ಅಡಿಗೆಮನೆ, ಬೆಳಿಗ್ಗೆ ಮೊದಲ ಬಸ್ಸು ಚಾಲೂ ಆದಾಗ ತಾವಾಗಿಯೇ ನಡುಗುವ ಪಾತ್ರೆಗಳು. ಆ ನಡುಕದ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಈಗ ಅಲಾರಾಂ ಇಟ್ಟರೂ ಅಂಥ ಎಚ್ಚರವಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕೈ ಬಿಗಿ. ಖರ್ಚಿನಲ್ಲಿ ಎಷ್ಟು ಬಿಗಿಯೋ ಹೆಣಿಗೆಯಲ್ಲೂ ಅಷ್ಟೇ ಬಿಗಿ. ನಾನು ಹೆಣೆದ ಯಾವ ಸ್ವೆಟರಿನ ಕೊರಳಲ್ಲೂ ಮನುಷ್ಯನ ತಲೆ ಸಲೀಸಾಗಿ ತೂರಿದ್ದಿಲ್ಲ. ಚಳಿಗಾಲದ ಪ್ರತಿ ಬೆಳಿಗ್ಗೆ ನಮ್ಮವರು ಸ್ವೆಟರಿನೊಳಗೆ ಸಿಕ್ಕಿಹಾಕಿಕೊಂಡು ಎರಡೂ ಕೈ ಮೇಲೆತ್ತಿ ಕೋಣೆಯೆಲ್ಲ ತಿರುಗುತ್ತಾ, "ಕತ್ತಲೆ ಕಣೇ! ಏನೂ ಕಾಣ್ತಿಲ್ಲ, ಎಳಿಯೇ!" ಎಂದು ಒಳಗಿನಿಂದ ಕೂಗುವರು. ನಾನು ಒಲೆ ಸಣ್ಣ ಮಾಡಿ ಬಂದು, "ಸುಮ್ನೆ ನಿಂತ್ಕೊಳ್ರೀ," ಎಂದು ಗದರಿ, ಎರಡೂ ಕಡೆ ಹಿಡಿದು ಕೆಳಕ್ಕೆ ಎಳೆಯುವೆ. ಆಗ ಮೊದಲು ಹಣೆ, ಆಮೇಲೆ ಕಿವಿ, ಕೊನೆಗೆ ನಗು ಹೊರಗೆ ಬರುವುದು.

ಇಂಥವರಿಗೆ ಪ್ರಪಂಚ ಇಲ್ಲವೆಂದು ಹೇಳಿಕೊಟ್ಟವರು ಎದುರು ಮನೆಯ ಮಹಡಿ ಮೇಷ್ಟ್ರು. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ಅವತ್ತು ಅವರು ಬಸ್ಸಿನಲ್ಲಿ ಕೊಡೆ ಬಿಟ್ಟಿದ್ದರು. ಕಪ್ಪು ಬಟ್ಟೆ, ಮರದ ಹಿಡಿ, ಹಿಡಿಯ ತುದಿಯಲ್ಲಿ ಸಣ್ಣ ಸೀಳು ಎಂದು ಮೂರು ಗುರುತು ಹೇಳಿದರು. ಇವರು ತಂದು ತೋರಿಸಿದರು. ಬಟ್ಟೆ ಕಪ್ಪು, ಸೀಳು ಇದೆ, ಹಿಡಿ ಮಾತ್ರ ಪ್ಲಾಸ್ಟಿಕ್ಕು.

ಮೇಷ್ಟ್ರು ಕೊಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ಅವರದೇ. ಇಷ್ಟು ವರ್ಷ ಹಿಡಿದು ಓಡಾಡಿದ ಹಿಡಿ ಮರದ್ದಲ್ಲ ಎಂದು ಅವರಿಗೆ ಅವತ್ತೇ ಗೊತ್ತಾದದ್ದು. ಆದರೆ ಕಲಿತವರು ತಪ್ಪಿದೆ ಎಂದು ಒಪ್ಪುವುದುಂಟೇ?

"ನೋಡಪ್ಪಾ," ಎಂದರು ಗಂಭೀರವಾಗಿ, "ನನ್ನ ಮನಸ್ಸಲ್ಲಿ ಇರೋ ಕೊಡೆಯೇ ನಿಜವಾದ ಕೊಡೆ. ನಿನ್ನ ಕಪಾಟಲ್ಲಿರೋದು ಅದರ ನೆರಳು. ಮೊದಲು ಮನಸ್ಸು, ಆಮೇಲೆ ವಸ್ತು. ಮನಸ್ಸು ಇಲ್ಲಾಂದ್ರೆ ವಸ್ತು ಎಲ್ಲಿಂದ ಬಂತು?"

ಮಾತು ಆಡಿ ಮೇಷ್ಟ್ರು ಕೊಡೆ ಹಿಡಿದು ಹೊರಟುಹೋದರು. ಇವರು ಮಾತ್ರ ಕೌಂಟರಿನ ಹಿಂದೆ ಬಾಯಿ ತೆರೆದು ನಿಂತೇ ಇದ್ದರಂತೆ. ಇದ್ದ ಕೆಲಸವೇ ವಸ್ತು ನೋಡಿಕೊಳ್ಳುವುದು. ಅದು ನೆರಳು ಎಂದುಬಿಟ್ಟರೆ ಮನುಷ್ಯ ಏನಾಗಬೇಡ!

ಅಲ್ಲಿಂದ ಶುರು. ಸಂಜೆಯಾದರೆ ಮೇಷ್ಟರ ಮಹಡಿ. ಮನೆಗೆ ಬಂದರೆ ಜಡ, ಚೈತನ್ಯ ಎಂಬ ಮಾತು. ಕೋಣೆಯ ಕಪಾಟುಗಳಿಗೆ ಧೂಳು ಹೊಡೆಯುವುದನ್ನು ನಿಲ್ಲಿಸಿದರು. "ಯಾರೂ ನೆನೆಸಿಕೊಳ್ಳದ ವಸ್ತು ಇದ್ದೂ ಇಲ್ಲದ ಹಾಗೆ. ಇಲ್ಲದ್ದಕ್ಕೆ ಯಾಕೆ ಧೂಳು ಹೊಡೆಯೋದು?" ಎನ್ನುವರು.

"ಧೂಳು ಇದೆಯಲ್ರೀ!"

"ಧೂಳನ್ನ ಯಾರೂ ನೆನೆಸ್ಕೊಳ್ಳಲ್ಲ. ಆದ್ದರಿಂದ ಅದೂ ಇಲ್ಲ."

ಚಳಿ ಬಂದ ಮೇಲಂತೂ ಉಪನ್ಯಾಸ ಸ್ವೆಟರಿನೊಳಗಿನಿಂದಲೇ ನಡೆಯುತ್ತಿತ್ತು. "ಈಗ ನೋಡೇ, ನನಗೆ ನೀನು ಕಾಣ್ತಿಲ್ಲ. ಹಾಗಾದ್ರೆ ನೀನು ಇದೀಯ ಅನ್ನೋದಕ್ಕೆ ಏನು ಆಧಾರ?" ಎಂದು ಉಣ್ಣೆಯೊಳಗಿನಿಂದ ದನಿ ಬರುವುದು. ಒಂದು ದಿನ ನಾನು ಆಧಾರ ಕೊಡದೆ ಅಡಿಗೆಮನೆಗೆ ಹೋಗಿ ಕೂತೆ. ಪಾಪ, ಬಾಗಿಲಿಗೆ ಹಣೆ ಬಡಿಸಿಕೊಂಡರು. ಬಾಗಿಲು ಇದೆಯೆಂದು ಅವತ್ತಿನ ಮಟ್ಟಿಗೆ ಒಪ್ಪಿದರು.

ನನ್ನ ಅಣ್ಣ ಅದೇ ಡಿಪೋದ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಅವನಿಗೆ ಈ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಮೈಗೆಲ್ಲ ಗ್ರೀಸು ಬಳಿದುಕೊಂಡೇ ನಮ್ಮ ಮನೆಗೆ ಬಂದ.

"ಭಾವ, ನಟ್ಟು ಬೋಲ್ಟು ಇಲ್ದೆ ನಿಮ್ಮ ಮನಸ್ಸು ಒಂದು ಗಾಲಿ ತಿರುಗಿಸುತ್ತೇನ್ರೀ? ಮನಸ್ಸಂತೆ! ಎರಡು ದಿನ ಊಟ ಬಿಡಿ, ಮನಸ್ಸು ಎಲ್ಲಿರುತ್ತೆ ನೋಡೋಣ. ಮೊದಲು ಕಬ್ಬಿಣ. ಮನಸ್ಸು ಅನ್ನೋದು ಎಂಜಿನ್ ಓಡುವಾಗ ಬರೋ ಸದ್ದು, ಅಷ್ಟೇ."

"ಎಂಜಿನ್ ಮಾಡಿದೋನ ಮನಸ್ಸಲ್ಲಿ ಎಂಜಿನ್ ಮೊದಲೇ ಇತ್ತಲ್ಲ ಭಾವ?" ಎಂದರು ಇವರು.

ಅಣ್ಣ ಗ್ರೀಸಿನ ಕೈಯಲ್ಲೇ ತಲೆ ಕೆರೆದುಕೊಂಡ. ಆಮೇಲೆ, "ಅವನಿಗೆ ಊಟ ಹಾಕಿದೋರು ಯಾರು?" ಎಂದ. ಇಬ್ಬರೂ ಸೇರಿ ನನ್ನ ಕಡೆ ನೋಡಿ, ಚಹಾ ಆಯಿತೇ ಎಂದು ಕೇಳಿದರು.

ಇಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಒಂದು ದಿನ ಆ ಅಜ್ಜಿ ಬಂದರು.

ಸಣ್ಣ ದೇಹ, ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಖಾಲಿ ಚೀಲ. ಬಸ್ಸಿನಲ್ಲಿ ಸ್ವೆಟರ್ ಬಿಟ್ಟಿದ್ದೇನೆ ಎಂದರು. ಗಂಡನಿಗೆಂದು ಹೆಣೆಯುತ್ತಿದ್ದ ಸ್ವೆಟರು. ಅರ್ಧ ಆಗಿರುವಾಗ ಗಂಡ ತೀರಿಕೊಂಡರಂತೆ. ಅಂದಿನಿಂದ ಅದನ್ನು ಮುಗಿಸಲೂ ಕೈ ಬಾರದೆ, ಬಿಡಲೂ ಮನಸ್ಸು ಬಾರದೆ ಹೋದಲ್ಲೆಲ್ಲ ಚೀಲದಲ್ಲಿ ಹೊತ್ತು ತಿರುಗುತ್ತಿದ್ದರು.

"ಗುರುತು ಹೇಳಿಯಮ್ಮಾ," ಎಂದರು ನಮ್ಮವರು.

"ಬೂದು ಬಣ್ಣ ಕಣಪ್ಪಾ. ಸೊಂಟದ ಹತ್ರ ಹಸಿರು ಅಂಚು. ಎಡಗಡೆ ತೋಳು ಆಗಿದೆ, ಬಲಗಡೆದು ಇಲ್ಲ. ಮೂರನೇ ಗುರುತು ಅದು ಸಿಕ್ಕ ಮೇಲೆ ಹೇಳ್ತೀನಿ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಹಸಿರನ್ನು ಗಂಡನೇ ಆರಿಸಿದ್ದು, ಆತ ಅಂಗಡಿಯವನ ಜೊತೆ ಜಗಳ ಆಡಿದ್ದು, ಮೊದಲ ತೋಳಿನ ಅಳತೆ ಕೊಡುವಾಗ ನಿದ್ದೆ ಹೋದದ್ದು, ಎಲ್ಲ ಹೇಳಿದರು. ಇವರು ಪರದೆಯ ಹಿಂದೆ ಹುಡುಕಿದರು. ಇರಲಿಲ್ಲ. ಎಂದಿನ ಹಾಗೆ "ಇಲ್ಲ, ಮುಂದಿನೋರು" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ತತ್ವ ಅಡ್ಡ ಬಂತಲ್ಲ! ಇಷ್ಟು ಚೆನ್ನಾಗಿ ಒಬ್ಬರ ಮನಸ್ಸಿನಲ್ಲಿ ಇರುವುದನ್ನು ಇಲ್ಲ ಎನ್ನುವುದು ಹೇಗೆ? ಮೊದಲು ಮನಸ್ಸು, ಆಮೇಲೆ ವಸ್ತು. ಮನಸ್ಸು ಬಂದಾಗಿದೆ. ವಸ್ತು ಬರಬೇಕಷ್ಟೆ.

"ಇದೆಯಮ್ಮಾ," ಎಂದುಬಿಟ್ಟರು. "ನಿಮ್ಮ ಸ್ವೆಟರು ಎಲ್ಲಿಗೂ ಹೋಗಿಲ್ಲ. ನಾಳೆ ಬನ್ನಿ."

ಅಜ್ಜಿ ಮಾರನೆಯ ದಿನ ಬಂದರು. ಅದರ ಮಾರನೆಯ ದಿನವೂ ಬಂದರು. ಬಂದವರು ಕೌಂಟರಿಗೆ ಮೊಳಕೈ ಊರಿ ನಿಂತು ಸ್ವೆಟರಿನ ಮಾತು, ಗಂಡನ ಮಾತು ಆಡುವರು. ಇವರು ಕೇಳುವರು, "ಇದೆಯಮ್ಮಾ, ನಾಳೆ ಬನ್ನಿ" ಎನ್ನುವರು. ಹಿಂದೆ ನಿಂತ ಸಾಲು ಗೊಣಗುವುದು. ನಾನು ಕೇಳಿ ತಲೆ ಮೇಲೆ ಕೈ ಹೊತ್ತು ಕೂತೆ. "ರೀ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಇದ್ರೆ ಕೊಡಿ, ಇಲ್ದಿದ್ರೆ ಇಲ್ಲ ಅನ್ನಿ. ವಯಸ್ಸಾದ ಜೀವ, ಪಾಪ."

"ಅವರ ಮನಸ್ಸು ಗಟ್ಟಿ ಇದೆ ಕಣೇ. ಬಂದೇ ಬರುತ್ತೆ."

ಅಜ್ಜಿ ಹೋಗುವಾಗ ಬಸ್ಸಿಗೆ ಕಾಯುತ್ತಾ ಬೆಂಚಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರಂತೆ, ನನ್ನ ಸ್ವೆಟರು ಸಿಕ್ಕಿದೆ, ನಾಳೆ ಕೊಡ್ತಾರೆ ಎಂದು. ಅದು ಟಿಕೆಟ್ ಕೌಂಟರಿನಾಕೆಯ ಕಿವಿಗೆ ಬಿತ್ತು. ನಮ್ಮ ಪಕ್ಕದ ಕ್ವಾರ್ಟರ್ಸಿನವಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಮಧ್ಯಾಹ್ನದ ಹೊತ್ತಿಗೆ ಗುರುತಪ್ಪ ಸ್ವೆಟರು ಇಟ್ಟುಕೊಂಡು ಮುದುಕಿಯನ್ನು ಅಲೆದಾಡಿಸುತ್ತಿದ್ದಾನೆ ಎಂದಾಯಿತು. ಸಂಜೆಗೆ, ಅದನ್ನು ಹೆಂಡತಿಗೆ ಕೊಟ್ಟಿದ್ದಾನೆ ಎಂದಾಯಿತು. ನಾನು ನಲ್ಲಿಗೆ ನೀರಿಗೆ ಹೋದರೆ ಹೆಂಗಸರೆಲ್ಲ ನನ್ನ ಬಲತೋಳನ್ನೇ ನೋಡುತ್ತಿದ್ದರು.

ಕೊನೆಗೆ ಮ್ಯಾನೇಜರ್ ಸಾಹೇಬರು ಇವರನ್ನು ಕರೆಸಿದರು. ಟಪಾಲು ಕೊಡುವ ನೆಪದಲ್ಲಿ ಅಣ್ಣ ಬಾಗಿಲಲ್ಲೇ ನಿಂತಿದ್ದ. ಅಲ್ಲಿ ನಡೆದದ್ದನ್ನೆಲ್ಲ ಅವನೇ ನನಗೆ ಆಡಿ ತೋರಿಸಿದ್ದು.

"ಸ್ವೆಟರ್ ಇದೆಯೇನ್ರೀ?"

"ಇದೆ ಸಾರ್."

"ಹಾಗಾದ್ರೆ ಕೊಡಿ."

"ಕೊಡೋಕೆ ಕಪಾಟಲ್ಲಿ ಇಲ್ಲ ಸಾರ್."

"ಅಂದ್ರೆ ಇಲ್ಲ."

"ಹಾಗೆ ಹೇಳೋಕೆ ಬರಲ್ಲ ಸಾರ್. ಅಜ್ಜಿ ಮನಸ್ಸಲ್ಲಿ ಇದೆ."

"ಅಜ್ಜಿ ಮನಸ್ಸು ನಮ್ಮ ಡಿಪೋ ಆಸ್ತೀನಾ?"

"ಅಲ್ಲ ಸಾರ್. ಆದ್ರೆ ನಮ್ಮ ಡಿಪೋ ಇರೋದೂ ಯಾರದೋ ಮನಸ್ಸಲ್ಲೇ ಅಂತ..."

ಮ್ಯಾನೇಜರ್ ಎದ್ದು ನಿಂತರಂತೆ. "ಸೋಮವಾರ ಹತ್ತು ಗಂಟೆಗೆ ಆ ಸ್ವೆಟರು ಈ ಮೇಜಿನ ಮೇಲೆ ಇರಬೇಕು. ಅದಿಲ್ಲಾಂದ್ರೆ ಕೋಣೆ ಬೀಗದ ಕೈ, ಕ್ವಾರ್ಟರ್ಸ್ ಬೀಗದ ಕೈ ಎರಡೂ ಇರಬೇಕು. ಅವನ್ನ ಮನಸ್ಸಲ್ಲಿ ತರಬೇಡಿ, ಕೈಯಲ್ಲಿ ತನ್ನಿ."

ಇವರು ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಆ ಗೋಡೆಗೆ ನಾವಿಬ್ಬರೇ ಸುಣ್ಣ ಬಳಿದಿದ್ದೆವು. ಮೂಲೆಯಲ್ಲಿ ಇವರ ಕೈಗುರುತು ಹಾಗೇ ಉಳಿದಿತ್ತು. ಬೆನ್ನ ಹಿಂದಿನ ಗೋಡೆಯನ್ನು ಒಂದು ಸಲ ಮುಟ್ಟಿ ನೋಡಿ, "ಇದು ಇದೆ ಕಣೇ," ಎಂದರು ಮೆತ್ತಗೆ. ತತ್ವ ಎಲ್ಲ ಇಳಿದುಹೋಗಿತ್ತು. ನನಗೆ ಬೈಯಬೇಕು ಎಂದು ಬಾಯಿಗೆ ಬಂದದ್ದು ಅಲ್ಲೇ ಉಳಿಯಿತು. ಮದುವೆಯಾಗಿ ಬಂದಂದಿನಿಂದ ನನಗಿದ್ದದ್ದು ಆ ಎರಡು ಕೋಣೆ, ನಡುಗುವ ಆ ಪಾತ್ರೆಗಳು. ಅವನ್ನು ಬಿಟ್ಟು ಹೋಗುವುದೆಂದರೆ ನನಗೆ ಎದೆ ಒಡೆಯುತ್ತಿತ್ತು.

ಮಾರನೆಯ ದಿನ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಹೋಗಿ ಕೂತೆ. ಯಾರೆಂದು ಹೇಳಿಕೊಳ್ಳಲಿಲ್ಲ. ಬೂದು ಎಂದರೆ ಎಂಥ ಬೂದು, ಹಸಿರು ಎಂದರೆ ಎಂಥ ಹಸಿರು ಎಂದು ಸುಮ್ಮನೆ ಮಾತಿಗೆಳೆದು ಕೇಳಿದೆ. ಅಲ್ಲಿಂದ ನೇರವಾಗಿ ಉಣ್ಣೆಯ ಅಂಗಡಿಗೆ ಹೋದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೆಣೆದರಂತೆ. ನಾನು ಕಳೆದುಹೋದ ಮೇಲೆ ಸ್ವೆಟರು ಹೆಣೆಯಲು ಕೂತೆ! ಇವರು ಕೆಲಸಕ್ಕೆ ಹೋದ ಕೂಡಲೇ ಕಡ್ಡಿ ಹಿಡಿಯುವೆ, ಬರುವ ಸದ್ದಾದರೆ ಹಿಟ್ಟಿನ ಡಬ್ಬದೊಳಗೆ ಹಾಕುವೆ. ಅಜ್ಜಿಯ ಗಂಡನ ಅಳತೆ ನನಗೇನು ಗೊತ್ತು? ನನ್ನ ಕೈಗೆ ಗೊತ್ತಿದ್ದ ಅಳತೆ ಒಂದೇ. ಆ ಅಳತೆಗೇ ಹೆಣೆದೆ. ಎಡತೋಳು ಮುಗಿಸಿದೆ, ಬಲತೋಳು ಬಿಟ್ಟೆ. ಬೇಕೆಂದೇ ಅರ್ಧ ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಸೋಮವಾರ ಬಂತು. ಹತ್ತು ಗಂಟೆಗೆ ಮ್ಯಾನೇಜರ್ ಕೋಣೆಯಲ್ಲಿ ನಮ್ಮವರು ಎರಡು ಬೀಗದ ಕೈ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತಿದ್ದರು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಕಿಟಕಿಯಲ್ಲಿ ಟಿಕೆಟ್ ಕೌಂಟರಿನಾಕೆಯೂ, ಆಕೆಯ ಹಿಂದೆ ಟಿಕೆಟ್ ಸಿಗದ ಪ್ರಯಾಣಿಕರೂ ಇಣುಕುತ್ತಿದ್ದರು. ನಾನು ಸೆರಗಿನೊಳಗಿಂದ ಸ್ವೆಟರು ತೆಗೆದು ಮೇಜಿನ ಮೇಲಿಟ್ಟೆ.

"ಸಿಕ್ತು ಸಾರ್. ಕಪಾಟಿನ ಹಿಂದೆ ಬಿದ್ದಿತ್ತು," ಎಂದೆ.

ಮ್ಯಾನೇಜರ್ ನಿಟ್ಟುಸಿರು ಬಿಡುವಷ್ಟರಲ್ಲಿ ಬಾಗಿಲು ದಡ್ ಎಂದು ತೆರೆಯಿತು. ಅಣ್ಣ! ಕೈಯಲ್ಲಿ ಒಂದು ಬೂದು ಸ್ವೆಟರು. ಅವನದೇ. ತಗಡು ಕತ್ತರಿಸುವ ಕತ್ತರಿಯಲ್ಲಿ ಒಂದು ತೋಳು ಹಾರಿಸಿದ್ದಾನೆ, ನೂಲು ನೇತಾಡುತ್ತಿದೆ, ಡೀಸೆಲ್ಲಿನ ಘಾಟು ಕೋಣೆಯೆಲ್ಲ ತುಂಬಿತು.

"ಸಿಕ್ತು ಸಾರ್! ಬಸ್ಸಿನ ಸೀಟಿನ ಕೆಳಗಿತ್ತು!"

"ಇದಕ್ಕೆ ಎಡಗಡೆ ತೋಳೇ ಇಲ್ವಲ್ರೀ," ಎಂದರು ಮ್ಯಾನೇಜರ್. "ಅಜ್ಜಿದಕ್ಕೆ ಇರಬಾರದ್ದು ಬಲಗಡೆದು."

ಅಣ್ಣ ಸ್ವೆಟರನ್ನು ಒಮ್ಮೆ ನೋಡಿದ, ತನ್ನ ಕೈಗಳನ್ನು ಒಮ್ಮೆ ನೋಡಿದ. "ಹಿಂದುಮುಂದು ಮಾಡಿ ಹಾಕ್ಕೊಂಡ್ರೆ ಸರಿಹೋಗುತ್ತೆ ಸಾರ್," ಎಂದ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮಹಡಿ ಮೇಷ್ಟ್ರು ಬಂದರು. ಕೈಯಲ್ಲಿ ಅಂಗಡಿಯ ಚೀಲ. ಒಳಗಿನಿಂದ ಹೊಚ್ಚ ಹೊಸ ಬೂದು ಸ್ವೆಟರು ತೆಗೆದರು. ಬೆಲೆಯ ಚೀಟಿ ಇನ್ನೂ ಜೋತಾಡುತ್ತಿತ್ತು. ಎರಡೂ ತೋಳು ನೆಟ್ಟಗಿದ್ದವು.

"ಮೇಷ್ಟ್ರೇ, ಇದಕ್ಕೆ ಎರಡು ತೋಳಿದೆ," ಎಂದರು ಮ್ಯಾನೇಜರ್. ಅವರ ದನಿ ಆಗಲೇ ನಡುಗುತ್ತಿತ್ತು.

"ಹೊಸ ಬಟ್ಟೆ. ಕತ್ತರಿ ಹಾಕೋಕೆ ಮನಸ್ಸು ಬರಲಿಲ್ಲ," ಎಂದರು ಮೇಷ್ಟ್ರು. "ಬಲತೋಳು ಇಲ್ಲ ಅಂತ ಭಾವಿಸಬೇಕು."

ಮೇಜಿನ ಮೇಲೆ ಮೂರು ಸ್ವೆಟರು. ವಸ್ತುವೇ ಇಲ್ಲ ಎಂದು ಶುರುವಾದ ವಿಚಾರಣೆಯಲ್ಲಿ ಈಗ ವಸ್ತು ಹೆಚ್ಚಾಗಿ ಇಡಲು ಜಾಗವಿರಲಿಲ್ಲ. ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಾನೂ ಅಣ್ಣನೂ ಒಬ್ಬರನ್ನೊಬ್ಬರು ಕೊಂದುಹಾಕುವ ಹಾಗೆ ನೋಡಿಕೊಂಡೆವು.

"ನಿಂಗ್ಯಾರು ಹೇಳಿದ್ರು?" ಎಂದು ಹಲ್ಲು ಕಚ್ಚಿ ಕೇಳಿದೆ.

"ಮತ್ತೆ? ಕ್ವಾರ್ಟರ್ಸ್ ಹೋದ್ರೆ ಭಾವ ನಮ್ಮನೆಗೆ ಬರ್ತಾರೆ. ದಿನಾ ಬೆಳಿಗ್ಗೆ ಎದ್ದು ನಾನು ಇಲ್ಲ ಅಂತ ಕೇಳಿಸ್ಕೋಬೇಕಾ?" ಎಂದ. ಅವನ ಕಣ್ಣು ಮಾತ್ರ ಬೇರೇನೋ ಹೇಳುತ್ತಿತ್ತು. ಇದ್ದ ಒಂದೇ ಬೆಚ್ಚನೆ ಬಟ್ಟೆ ಕತ್ತರಿಸಿಕೊಂಡು ಬಂದಿದ್ದನಲ್ಲ, ಮಹಾರಾಯ!

"ಸರಿ," ಎಂದರು ಮ್ಯಾನೇಜರ್. "ಅಮ್ಮಾ, ಇದರಲ್ಲಿ ನಿಮ್ಮದು ಯಾವುದು? ಮೂರನೇ ಗುರುತು ಹೇಳಿ, ತಗೊಂಡು ಹೋಗಿ, ಪುಣ್ಯ ಕಟ್ಕೊಳ್ಳಿ."

ಅಜ್ಜಿ ಎದ್ದು ಬಂದು ನನ್ನ ಸ್ವೆಟರಿನ ಮೇಲೆ ಕೈಯಿಟ್ಟರು. ಹಸಿರು ಅಂಚನ್ನು ಬೆರಳಿನಿಂದ ಸವರಿದರು. ಒಂದು ಮಾತು, 'ನಂದೇ' ಎಂದುಬಿಟ್ಟರೆ ನಮ್ಮ ಮನೆ ಉಳಿಯುತ್ತದೆ.

ಆಗ ನಮ್ಮವರು ಬಾಯಿಬಿಟ್ಟರು. ಎಲ್ಲಿ ಬಿಡಬಾರದೋ ಸರಿಯಾಗಿ ಅಲ್ಲೇ.

"ಅಮ್ಮಾ, ಅದು ನಿಮ್ಮದಲ್ಲ. ಅದು ನನ್ನ ಹೆಂಡ್ತಿ ಹೆಣೆದಿದ್ದು."

"ರೀ!" ಎಂದೆ.

"ಕೊರಳು ನೋಡಿ ಸಾರ್," ಎಂದು ಮ್ಯಾನೇಜರಿಗೆ ಎತ್ತಿ ತೋರಿಸಿದರು. "ಇಷ್ಟು ಬಿಗಿ ಕೊರಳು ಇನ್ಯಾರೂ ಹೆಣೆಯಲ್ಲ. ಪ್ರಪಂಚ ಇಲ್ಲದೇ ಇರಬಹುದು ಸಾರ್, ಇವಳ ಕೈ ಮಾತ್ರ ನನಗೆ ಕತ್ತಲೇಲೂ ಗೊತ್ತಾಗುತ್ತೆ. ಬೇರೆಯವರ ಸಾಮಾನನ್ನ ಇನ್ನೊಬ್ಬರಿಗೆ ನಾನು ಯಾವತ್ತೂ ಕೊಟ್ಟಿಲ್ಲ. ಇವತ್ತೂ ಕೊಡಲ್ಲ." ಎಂದು ಬೀಗದ ಕೈಗಳನ್ನು ಮ್ಯಾನೇಜರ ಕಡೆ ತಳ್ಳಿದರು. ನನಗೆ ಅವರ ಕೆನ್ನೆಗೆ ಹೊಡೆಯಬೇಕು ಎನ್ನಿಸಿತು. ಅದೇ ಹೊತ್ತಿಗೆ ಅವರ ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಎರಡಕ್ಕೂ ಅದು ಜಾಗವಲ್ಲ ಎಂದು ಸುಮ್ಮನೆ ಅತ್ತೆ.

"ನಂದಲ್ಲ ಅಂತ ನನಗೂ ಗೊತ್ತು ಕಣಪ್ಪಾ," ಎಂದರು ಅಜ್ಜಿ. "ಮೂರನೇ ಗುರುತು ಕೇಳಿದ್ರಲ್ಲ? ನನ್ನ ಸ್ವೆಟರಿಗೆ ಕೊರಳೇ ಇಲ್ಲ. ತಲೆ ಅಳತೆ ಕೊಡಿ ಅಂದ್ರೆ ನಮ್ಮೋರು ನಾಳೆ ಕೊಡ್ತೀನಿ ಅಂದ್ರು. ಆ ನಾಳೆ ಬರಲಿಲ್ಲ."

ಅಜ್ಜಿ ಮ್ಯಾನೇಜರ ಕಡೆ ತಿರುಗಿದರು.

"ಅದು ಕಳೆದುಹೋದ ದಿನದಿಂದ ಎಲ್ಲರನ್ನೂ ಕೇಳಿದೆ. ಮಗ ಕೇಳಿ, ಅದೊಂದು ಅರ್ಧ ಸ್ವೆಟರು, ಹೋಗ್ಲಿ ಬಿಡಮ್ಮ ಅಂದ. ಸೊಸೆ ಹೊಸದು ತರೋಣ ಅಂದ್ಲು. ಈ ಮಹಾನುಭಾವ ಒಬ್ಬನೇ ಇದೆ ಅಂದಿದ್ದು. ದಿನಾ ಬಂದು ನಿಂತ್ರೆ ಪೂರ್ತಿ ಕೇಳ್ತಿದ್ದ. ಅವರು ಹೋದ ಮೇಲೆ ಅವರ ಮಾತನ್ನ ಇಷ್ಟು ಯಾರ ಹತ್ರಾನೂ ಆಡಿರಲಿಲ್ಲ ನಾನು. ಇವನ ಮೇಲೆ ದೂರು ಕೊಟ್ಟೋರು ಯಾರು ಸ್ವಾಮಿ? ನಾನಂತೂ ಕೊಟ್ಟಿಲ್ಲ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಟಿಕೆಟ್ ಕೌಂಟರಿನಾಕೆ ಆ ಕ್ಷಣವೇ ತನ್ನ ಕೌಂಟರು ನೆನಪಾಗಿ ಓಡಿಹೋದಳು.

ಮ್ಯಾನೇಜರ್ ಬೀಗದ ಕೈಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ವಾಪಸು ತಳ್ಳಿದರು. "ಇನ್ನು ಮುಂದೆ ಕಪಾಟಲ್ಲಿ ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಮಧ್ಯೆ ತತ್ವ ಬೇಡ," ಎಂದು ಗುಡುಗಿದರು. ನಾವೆಲ್ಲ ಬಾಗಿಲು ದಾಟುವಾಗ ಇವರನ್ನು ಮಾತ್ರ ಹಿಂದಕ್ಕೆ ಕರೆದು, ದನಿ ತಗ್ಗಿಸಿ, "ನಮ್ಮ ತಾಯಿದೊಂದು ಮಫ್ಲರ್ ಬಸ್ಸಲ್ಲಿ ಹೋಗಿತ್ತು ಕಣ್ರೀ, ಬಹಳ ವರ್ಷ ಆಯ್ತು," ಎಂದರಂತೆ.

"ಗುರುತು ಹೇಳಿ ಸಾರ್," ಎಂದರಂತೆ ಇವರು.

ನನ್ನ ಸ್ವೆಟರನ್ನು ಅಜ್ಜಿ ಬಿಡಲಿಲ್ಲ. "ಇದಕ್ಕೊಂದು ತೋಳು ಬಾಕಿ ಇದೆಯಲ್ಲ ತಾಯಿ, ನಾನು ಹೆಣೀತೀನಿ. ಹೆಣಿಗೆ ಬಿಟ್ಟು ಕೈ ಜಡ್ಡುಗಟ್ಟಿದೆ," ಎಂದು ಮನೆಗೇ ಬಂದು ಕೂತರು. ನನ್ನ ಕೈ ಬಿಗಿ, ಅವರದು ಸಡಿಲ. ಎಡತೋಳು ಮಣಿಕಟ್ಟಿಗೆ ಬಂದು ನಿಂತರೆ ಬಲತೋಳು ಬೆರಳು ದಾಟಿ ಜೋಲುತ್ತಿತ್ತು. ಕೊರಳನ್ನು ಬಿಚ್ಚಿ ಸಡಿಲ ಮಾಡುತ್ತೇನೆ ಎಂದೆ. ಇವರು ಬೇಡ ಎಂದರು. ಆ ಸ್ವೆಟರನ್ನು ಅವರು ಕೊನೆಯವರೆಗೂ ಹಾಕಿಕೊಂಡರು. ಅಣ್ಣನಿಗೆ ಮೇಷ್ಟರ ಹೊಸ ಸ್ವೆಟರು ಸಿಕ್ಕಿತು. ಕಬ್ಬಿಣದ ಮನುಷ್ಯನಿಗೆ ತತ್ವಶಾಸ್ತ್ರದ ಬಟ್ಟೆ ಸರಿಯಾಗಿ ಕೂತಿತು. ಮನಸ್ಸು ಮೊದಲೋ ವಸ್ತು ಮೊದಲೋ ಎಂದು ಗಂಡಸರು ಮೂವರೂ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ವರ್ಷಗಟ್ಟಲೆ ಜಗಳಾಡಿದರು. ನಾನು ವರ್ಷಗಟ್ಟಲೆ ಚಹಾ ಮಾಡಿದೆ. ಆಗ ರಗಳೆ ಎನ್ನಿಸುತ್ತಿತ್ತು. ಈಗ ಆ ರಗಳೆಗೆ ಹಂಬಲಿಸುತ್ತೇನೆ.

ನಮ್ಮವರು ಹೋಗಿ ಎರಡು ಚಳಿಗಾಲ ಕಳೆಯಿತು. ಮೊನ್ನೆ ಅಣ್ಣನ ಮನೆಗೆ ಹೊರಟವಳು ಆ ಸ್ವೆಟರನ್ನು ಹೊದ್ದುಕೊಂಡು ಬಸ್ಸು ಹತ್ತಿದ್ದೆ. ಬಿಸಿಲೇರಿತು ಎಂದು ಮಡಚಿ ಪಕ್ಕದಲ್ಲಿಟ್ಟೆ. ಇಳಿಯುವಾಗ ಮರೆತೆ. ಗುರುತಪ್ಪನ ಹೆಂಡತಿ, ಬಸ್ಸಿನಲ್ಲಿ ಸಾಮಾನು ಬಿಟ್ಟು ಬಂದವಳು! ಬದುಕಿದ್ದಿದ್ದರೆ ಎಷ್ಟು ನಗುತ್ತಿದ್ದರೋ.

ಆ ಕೋಣೆ ಅಲ್ಲೇ ಇದೆ. ಒಳಗೆ ಕಂಪ್ಯೂ‌ಟರು ಬಂದಿದೆ, ಪರದೆಯ ಬಣ್ಣ ನೀಲಿಯಾಗಿದೆ. ಕೌಂಟರು ಮಾತ್ರ ಅದೇ. ಅದರ ಈಚೆ ಕಡೆ ನಾನು ನಿಂತದ್ದು ಅದೇ ಮೊದಲು. ಒಳಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೂತಿದ್ದಳು.

"ಗುರುತು ಹೇಳಿಯಮ್ಮ," ಎಂದಳು.

"ಬೂದು ಬಣ್ಣ. ಹಸಿರು ಅಂಚು. ಒಂದು ತೋಳು ಗಿಡ್ಡ, ಒಂದು ಉದ್ದ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. "ಮಾತು ಜಾಸ್ತಿ. ಪ್ರಪಂಚ ಇಲ್ಲ ಅಂತಾರೆ, ಎರಡು ಸಲ ಬಡಿಸ್ಕೋತಾರೆ. ಒಂದು ದಿನಾನೂ ತಟ್ಟೆ ತೊಳೆದವರಲ್ಲ. ಸುಳ್ಳು ಹೇಳೋಕೆ ಬರಲ್ಲ, ಎಲ್ಲಿ ಬಾಯಿ ಮುಚ್ಕೋಬೇಕೋ ಗೊತ್ತಿಲ್ಲ..."

"ಅಮ್ಮಾ, ಸ್ವೆಟರಿನ ಗುರುತು ಹೇಳಿ," ಎಂದಳು ಹುಡುಗಿ ಮೆತ್ತಗೆ. "ಮನುಷ್ಯರದ್ದಲ್ಲ. ಇನ್ನೊಂದು ಗುರುತು ಬೇಕು."

"ಕೊರಳು ಬಿಗಿ. ತಲೆ ತೂರಲ್ಲ."

"ಅದನ್ನ ಹೇಗಮ್ಮ ನೋಡೋದು?"

"ಹಾಕ್ಕೊಂಡು ನೋಡು."

ಅವಳು ಪರದೆಯ ಹಿಂದೆ ಹೋದಳು. ಏನೋ ಬಿದ್ದ ಸದ್ದು, ಕಪಾಟಿಗೆ ತಾಗಿದ ಸದ್ದು. ಆಮೇಲೆ ಪರದೆ ಸರಿಯಿತು. ಎರಡೂ ಕೈ ಮೇಲಕ್ಕೆ, ಒಂದು ತೋಳು ಮಣಿಕಟ್ಟಿಗೆ, ಇನ್ನೊಂದು ಬೆರಳು ದಾಟಿ. ತಲೆಯೇ ಇಲ್ಲ.

"ಅಮ್ಮಾ, ನಿಮ್ದೇ!" ಎಂದು ಉಣ್ಣೆಯೊಳಗಿನಿಂದ ದನಿ ಬಂತು. "ಕತ್ತಲೆ! ಏನೂ ಕಾಣ್ತಿಲ್ಲ, ಎಳೀರಿ!"

ನನ್ನ ಎರಡೂ ಕೈ ನನ್ನನ್ನು ಕೇಳದೆ ಕೌಂಟರಿನಾಚೆ ಚಾಚಿದವು.

"ಸುಮ್ನೆ ನಿಂತ್ಕೊಳ್ರೀ," ಎಂದು ಗದರಿ, ಎರಡೂ ಕಡೆ ಹಿಡಿದು ಕೆಳಕ್ಕೆ ಎಳೆದೆ.